ಸೇತುವೆಯ ಆಚೆ

ಇವತ್ತು ಊಟಕ್ಕೆ ಅರ್ಧ ಗಂಟೆ ತಡವಾಯ್ತು.

ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾದಿಂದ ನದಿಯಾಚೆ ನ್ಯೂಜೆರ್ಸಿಯ ಚೆರಿ ಹಿಲ್‌ಗೆ ದೋಸೆ ತಿನ್ನಲು ಹೊರಟಿದ್ದೆವು. ಬೆನ್ ಫ್ರಾಂಕ್ಲಿನ್ ಸೇತುವೆ ಕಣ್ಣಿಗೆ ಬಿದ್ದದ್ದೇ ತಡ, ಗೆಳೆಯ ಸೊಂಟ ಮುಟ್ಟಿ ನೋಡಿಕೊಂಡ. ಏನೂ ಮಾತಾಡದೆ ಕಾರು ತಿರುಗಿಸಿದ.

ಮನೆಯಲ್ಲಿ ಪಿಸ್ತೂಲಿನ ಗುಂಡು ತೆಗೆದ. ಒಂದೊಂದನ್ನೇ ಎಣಿಸಿದ. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಎರಡು ಸಲ ಎಳೆದು ನೋಡಿದ.

ಅವನ ಪರ್ಸಿನಲ್ಲಿ ಪೆನ್ಸಿಲ್ವೇನಿಯಾದ ಗನ್ ಲೈಸೆನ್ಸ್ ಇದೆ. ಆದ್ರೆ ಡೆಲವೇರ್ ನದಿ ದಾಟಿದರೆ ಅದು ನಡೆಯಲ್ಲ. ನ್ಯೂಜೆರ್ಸಿ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಒಪ್ಪುವುದಿಲ್ಲ. ಅದೇ ಪರ್ಸಿನಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಮಾತ್ರ 50 ರಾಜ್ಯಗಳಲ್ಲೂ ನಡೆಯುತ್ತೆ.

2013ರಲ್ಲಿ ಇದೇ ಫಿಲಡೆಲ್ಫಿಯಾದ, ಎರಡು ಮಕ್ಕಳ ತಾಯಿಯೊಬ್ಬರು ಆ ಕಡೆ ಹೋಗಿದ್ದಾಗ ಪೊಲೀಸರು ಕಾರು ನಿಲ್ಲಿಸಿದ್ದರು. ಗನ್ ಇದೆ, ಲೈಸೆನ್ಸೂ ಇದೆ ಅಂತ ತಾವಾಗಿಯೇ ಹೇಳಿದರು. ಅಲ್ಲೇ ಬಂಧನ. ವರ್ಷಗಟ್ಟಲೆ ಜೈಲಾಗುವ ಕೇಸು. 2015ರಲ್ಲಿ ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟ ಮೇಲೆಯೇ ಆ ತಾಯಿ ಪೂರ್ತಿ ಉಸಿರಾಡಿದ್ದು.

ಗನ್ ಅಂದ್ರೆ ನನಗೆ ಇವತ್ತಿಗೂ ಭಯ. ನ್ಯೂಜೆರ್ಸಿ ತನ್ನ ನಿಯಮ ಬಿಗಿಯಾಗಿಯೇ ಇಟ್ಟುಕೊಳ್ಳಲಿ, ನನಗದು ಸರಿ ಅನ್ನಿಸುತ್ತೆ. ಆದ್ರೆ ಗೊತ್ತಿಲ್ಲದೆ ದಾಟಿದವರನ್ನೂ ಬೇಕಂತಲೇ ತಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅಲ್ವಾ?

ಸೇತುವೆ ಮೇಲೆ ಹೋಗುವಾಗಲೂ ಗೆಳೆಯ ಮತ್ತೊಮ್ಮೆ ಸೊಂಟ ಮುಟ್ಟಿ ನೋಡಿಕೊಂಡ. ದೋಸೆ ಬಂದ ಮೇಲೆಯೇ ಅವನು ಸರಿಯಾಗಿ ಮಾತಾಡಿದ್ದು.