ಕಾಡಿನ ಬೆಂಕಿ ಆರಿಸೋ ಕೆಲಸ ಡಿಸೆಂಬರ್‌ನಲ್ಲೇ ಶುರುವಾಗಬೇಕು

ಕಾಡಿಗೆ ಬೆಂಕಿ ಬಿತ್ತು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಬೆಂಕಿ ತಾನಾಗಿ ಬೀಳುವುದಿಲ್ಲ, ಯಾರೋ ಹಚ್ಚಿರುತ್ತಾರೆ. ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯ ಗುಡ್ಡಗಳಲ್ಲಿ ಗಸ್ತು ತಿರುಗುವ ಕೆಲಸ ನನ್ನದು. ಬಿದಿರು ಬಿದಿರು ಉಜ್ಜಿ ಕಿಡಿ ಹಾರುತ್ತದಂತೆ ಅಂತ ಈಗಲೂ ಜನ ಹೇಳುತ್ತಾರೆ. ನಮ್ಮ ಒಣ ಗುಡ್ಡದಲ್ಲಿ ಹಾಗೆ ಉಜ್ಜಿಕೊಳ್ಳುವಷ್ಟು ಬಿದಿರು ಎಲ್ಲಿದೆ? ಸಿಡಿಲು ಬಡಿಯುವುದು ಏಪ್ರಿಲ್, ಮೇನಲ್ಲಿ ಮಳೆ ಬರುವ ಹೊತ್ತಿಗೆ. ನಾವು ಬೆಂಕಿ ಹಿಂದೆ ಓಡೋದು ಜಾಸ್ತಿ ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ.

ಮಲೆನಾಡು ನೋಡಿ ಬಂದವರು 'ಇಲ್ಲಿ ಸುಡೋಕೆ ಏನಿದೆ, ಬರೀ ಕುರುಚಲು' ಅಂತಾರೆ. ಈ ಮಾತು ಕೇಳಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಇದೇ ಕುರುಚಲಿನಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿ ಧಾಮ ಇದೆ. 2011ರಲ್ಲಿ ಘೋಷಣೆ ಆಯಿತು, ಸುಮಾರು 77 ಚದರ ಕಿಲೋಮೀಟರ್. ಕಾಡಿನಲ್ಲಿ ನಾಲ್ಕು ಕೊಂಬು ಇರುವ ಪ್ರಾಣಿ ಈ ಕೊಂಡುಕುರಿ ಒಂದೇ, ಅದೂ ಗಂಡಿಗೆ ಮಾತ್ರ. ಕೊಂಡುಕುರಿ ದೂರ ಓಡಿ ತಪ್ಪಿಸಿಕೊಳ್ಳುವ ಪ್ರಾಣಿ ಅಲ್ಲ. ಎತ್ತರದ ಹುಲ್ಲಿನಲ್ಲಿ ಅಲ್ಲಾಡದೆ ಕೂತು ಬಚಾವಾಗುತ್ತದೆ. ಮರಿಯನ್ನೂ ಹುಲ್ಲಿನೊಳಗೇ ಅಡಗಿಸುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಕೂಡಿದ ಹೆಣ್ಣು ಸುಮಾರು ಎಂಟು ತಿಂಗಳಿಗೆ ಮರಿ ಹಾಕುತ್ತದೆ. ಲೆಕ್ಕ ಹಾಕಿ ನೋಡಿ. ಮರಿ ಹುಲ್ಲಲ್ಲಿ ಮಲಗಿರುವ ಕಾಲವೂ ಜನ ಬೆಂಕಿ ಹಚ್ಚುವ ಕಾಲವೂ ಹೆಚ್ಚುಕಡಿಮೆ ಒಂದೇ. ಅಲ್ಲಾಡದೆ ಕೂರಬೇಕು ಅನ್ನುವ ಹುಟ್ಟುಗುಣ ಚಿರತೆಯಿಂದ ಉಳಿಸಬಹುದು, ಬೆಂಕಿಯಿಂದ ಉಳಿಸುವುದಿಲ್ಲ. ನೆಲದ ಮೇಲೆ ಮೊಟ್ಟೆ ಇಡುವ ಕೌಜುಗದ ಕಥೆಯೂ ಇದೇ.

ಮರದ ವಿಷಯ ಇನ್ನೂ ಮುಖ್ಯ, ಯಾಕಂದ್ರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಕಡೆಯ ತುಗ್ಗಲಿ, ದಿಂಡಿಗದಂತಹ ಮರಗಳು ಕಡಿದರೂ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತವೆ. ಬೇಸಿಗೆಯಲ್ಲಿ ಗುಡ್ಡ ಬೋಳಾಗಿ ಕಂಡರೂ ನೆಲದೊಳಗೆ ಬೇರು ಜೀವಂತ ಇರುತ್ತದೆ. ಮಳೆ ಬಿದ್ದರೆ ಮೊಣಕಾಲುದ್ದ ಚಿಗುರು ಬರುತ್ತದೆ. ಮುಂದಿನ ಮಾರ್ಚ್‌ನಲ್ಲಿ ಬೆಂಕಿ ಬಂದು ಅದನ್ನು ಸುಡುತ್ತದೆ. ಮತ್ತೆ ಚಿಗುರು, ಮತ್ತೆ ಬೆಂಕಿ. ಹತ್ತು ವರ್ಷದ ಬೇರಿಗೆ ಒಂದು ವರ್ಷದ ಕಡ್ಡಿ! ನಾಲ್ಕಾರು ವರ್ಷ ಬೆಂಕಿ ಬೀಳದಂತೆ ನೋಡಿಕೊಂಡರೆ ಸಾಕು, ಆ ಚಿಗುರು ಹುಲ್ಲಿನ ಬೆಂಕಿಗೆ ಎಟುಕದಷ್ಟು ಎತ್ತರ ಬೆಳೆದು ತೊಗಟೆ ದಪ್ಪ ಮಾಡಿಕೊಳ್ಳುತ್ತದೆ. ಆಮೇಲೆ ಅದು ಮರ. ಜೂನ್ 5ಕ್ಕೆ ಬಂದು ಸಸಿ ನೆಟ್ಟು ಫೋಟೋ ಹಾಕುವವರನ್ನು ನಾನು ಬೇಡ ಅನ್ನುವುದಿಲ್ಲ, ಖುಷಿಯೇ. ಆದರೆ ಇಷ್ಟು ಕಡಿಮೆ ಮಳೆಯ ಜಾಗದಲ್ಲಿ ಗುಂಡಿ ತೋಡಿ ನೆಟ್ಟ ಸಸಿಗಿಂತ ಮೊದಲೇ ಬೇರು ಬಿಟ್ಟಿರುವ ಗಿಡವೇ ಬೇಗ ಮೇಲೆ ಬರುತ್ತದೆ. ಅದಕ್ಕೆ ನೀರು ಹಾಕುವುದೂ ಬೇಕಿಲ್ಲ, ಸುಡದಿದ್ದರೆ ಆಯಿತು.

ಸರಿ, ಯಾರು ಹಚ್ಚುತ್ತಾರೆ? ಕೆಲಸಕ್ಕೆ ಸೇರುವಾಗ ಹೇಳುತ್ತಿದ್ದ ಒಂದೇ ಪದ 'ಕಿಡಿಗೇಡಿಗಳು'. ಗುಡ್ಡ ಸುತ್ತುತ್ತಾ ಊರಲ್ಲಿ ಕೂತು ಮಾತಾಡುತ್ತಾ ಹೋದಂತೆ ನನಗೆ ಕಿಡಿಗೇಡಿಗಳು ಕಡಿಮೆ ಸಿಕ್ಕರು, ಏನೋ ಒಂದು ಗರಜು ಇಟ್ಟುಕೊಂಡವರೇ ಜಾಸ್ತಿ ಸಿಕ್ಕರು. ಕುರಿ ಕಾಯುವ ಒಬ್ಬ ಅಜ್ಜ ಬಿಡಿಸಿ ಹೇಳಿದರು: "ಹಳೇ ಹುಲ್ಲಿನ ಮುಳ್ಳು ಉಣ್ಣೆಗೆ ಸಿಕ್ಕಿ ಚರ್ಮಕ್ಕೇ ಚುಚ್ಚುತ್ತದೆ ಸಾರ್. ಒಣಗಿದ ಮೇಲೆ ಕುರಿ ಮೂಸಿ ನೋಡಿ ಬಿಟ್ಟುಬಿಡ್ತವೆ. ಸುಟ್ಟರೆ ಹೊಸದು ಬರುತ್ತೆ." ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಬರುತ್ತದೆ. ಆದರೆ ವರ್ಷ ವರ್ಷ ಸುಟ್ಟಲ್ಲಿ ಕೊನೆಗೆ ಉಳಿಯುವುದು ಬೆಂಕಿಯನ್ನು ತಾಳಿಕೊಳ್ಳುವ ಒರಟು ಹುಲ್ಲು ಮತ್ತು ಲಂಟಾನ ಕಳೆ, ಎರಡನ್ನೂ ಕುರಿ ತಿನ್ನುವುದಿಲ್ಲ. ಬೂದಿ ಗೊಬ್ಬರ ಆಗುತ್ತದೆ ಅಂತಾರೆ, ಇಳಿಜಾರಿನಲ್ಲಿ ಮೊದಲ ದೊಡ್ಡ ಮಳೆಗೇ ಬೂದಿಯ ಜೊತೆ ಮೇಲ್ಮಣ್ಣೂ ಕೊಚ್ಚಿಕೊಂಡು ಕೆರೆಗೆ ಹೋಗುತ್ತದೆ. "ಅಜ್ಜಾ, ನಿಮ್ಮ ಹುಡುಗಾಟದ ಕಾಲದಲ್ಲಿ ಈ ಗುಡ್ಡದ ಮೇಲೆ ಎಂಥ ಹುಲ್ಲಿತ್ತು ಹೇಳಿ" ಅಂತ ಕೇಳಿದೆ. ಅವರೇ ಒಂದೊಂದಾಗಿ ಹುಲ್ಲಿನ ಹೆಸರು ಹೇಳುತ್ತಾ ಹೋದರು, ಅದರಲ್ಲಿ ಅರ್ಧ ಈಗ ಸಿಗುವುದಿಲ್ಲ ಅಂತಲೂ ಅವರೇ ಹೇಳಿದರು. ನಾನು ಭಾಷಣ ಮಾಡುವ ಅಗತ್ಯವೇ ಬರಲಿಲ್ಲ.

ಇನ್ನೊಂದು ದಾರಿ ಹೊಲದ್ದು. ದಾವಣಗೆರೆ ಜಿಲ್ಲೆ ಅಂದ್ರೆ ಮೆಕ್ಕೆಜೋಳ. ತೆನೆ ಮುರಿದ ಮೇಲೆ ದಂಟು, ಬದುವಿನ ಕಸ ಎಲ್ಲಾ ಸೇರಿಸಿ ಸುಡುವುದು ರೂಢಿ. ಹೊಲ ಕಾಡಂಚಿನಲ್ಲಿದ್ದರೆ ಮಧ್ಯಾಹ್ನದ ಗಾಳಿ ಒಂದು ಕಿಡಿ ದಾಟಿಸಿದರೆ ಸಾಕು. ಜೇನು ಕೀಳುವವರ ಪಂಜು, ಬೀಡಿ ತುಂಡು ಇವೂ ಇವೆ, ಹೊಸದೇನಲ್ಲ.

ಬೆಂಕಿ ಎದ್ದ ಮೇಲೆ ನಮ್ಮ ಕೈಲಿ ಇರುವುದು ಕಡಿಮೆ. ಉಪಗ್ರಹದಿಂದ ಮೊಬೈಲಿಗೆ ಸಂದೇಶ ಬರುತ್ತದೆ, ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಉಪಗ್ರಹ ಕಾಣುವ ಒಂದೊಂದು ಚೌಕವೂ 375 ಮೀಟರ್ ಅಗಲ, ಮತ್ತೆ ಅದು ನಮ್ಮ ತಲೆ ಮೇಲೆ ಬರುವುದು ದಿನಕ್ಕೆ ಕೆಲವೇ ಸಲ. ಸಂದೇಶ ನೋಡಿ ನಾವು ಗುಡ್ಡ ಹತ್ತುವಷ್ಟರಲ್ಲಿ ಬೆಂಕಿ ಇನ್ನೊಂದು ಇಳಿಜಾರಿಗೆ ಹೋಗಿರುತ್ತದೆ. ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿಯುವುದು, ಗಾಳಿ ಊದುವ ಮಷಿನ್‌ನಿಂದ ತರಗೆಲೆ ಸರಿಸುವುದು, ತೀರಾ ಬೇಕಾದರೆ ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಗೆ ಉರಿಯಲು ಏನೂ ಸಿಗದಂತೆ ಅದರ ಎದುರಿನ ಹುಲ್ಲನ್ನು ನಾವೇ ಮೊದಲು ಸುಡುವುದು. ಎದುರು ಬೆಂಕಿ ಕೊಟ್ಟಾಗ ಗಾಳಿ ತಿರುಗಿದರೆ ನಮ್ಮ ಹುಡುಗರ ಜೀವಕ್ಕೇ ಕುತ್ತು.

ಅದಕ್ಕೇ ಡಿಸೆಂಬರ್ ಅಂದಿದ್ದು. ಬೆಂಕಿ ರೇಖೆ ಮಾಡುವ ಕೆಲಸ, ಅಂದರೆ ಬೆಂಕಿ ದಾಟದಂತೆ ಪಟ್ಟಿಯಾಗಿ ಹುಲ್ಲು ಸವರಿ ನೆಲ ಬೋಳು ಮಾಡುವುದು, ಹುಲ್ಲು ಪೂರ್ತಿ ಒಣಗುವ ಮೊದಲೇ ಮುಗಿಯಬೇಕು. ಧಾಮದ ಹೊರಗಿನ ನೆಡುತೋಪುಗಳಲ್ಲಿ ಹಳ್ಳಿಯವರೇ ಕುಡುಗೋಲು ತಂದು ಹುಲ್ಲು ಕೊಯ್ದುಕೊಂಡು ಹೋದರೆ ಎರಡು ಲಾಭ. ಅವರಿಗೆ ಮೇವು, ನಮಗೆ ಉರಿಯುವ ಸರಕು ಕಡಿಮೆ. ಕಾಡಂಚಿನ ಹೊಲದವರ ಹತ್ತಿರ ನಾನು ಕೇಳಿಕೊಳ್ಳುವುದು ಇಷ್ಟೇ: ದಂಟನ್ನು ಕೊಚ್ಚಿ ಮಣ್ಣಿಗೆ ಸೇರಿಸಿ, ನಿಮ್ಮ ಹೊಲಕ್ಕೇ ಒಳ್ಳೆಯದು. ಸುಡಲೇಬೇಕು ಅಂದ್ರೆ ಮೊದಲು ಹೇಳಿ, ಗಾಳಿ ಇಲ್ಲದ ಬೆಳಗಿನ ಹೊತ್ತು ನಾವೂ ಬಂದು ನಿಲ್ಲುತ್ತೇವೆ. ಕಾನೂನು ಇದ್ದೇ ಇದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಧಾಮದೊಳಗೆ ಬೆಂಕಿ ಹಚ್ಚುವುದು ಅಪರಾಧ. ಬೇಕೆಂದೇ ಹಚ್ಚಿದವರ ಮೇಲೆ ಕೇಸು ಹಾಕಲೇಬೇಕು. ಆದರೆ ಬರೀ ಕೇಸಿನ ಭಯ ಹುಟ್ಟಿಸಿದರೆ ಹೊಗೆ ಕಂಡವರು ಫೋನ್ ಮಾಡುವುದನ್ನೂ ನಿಲ್ಲಿಸುತ್ತಾರೆ.

ಆ ಫೋನ್ ನಮಗೆ ತುಂಬಾ ಮುಖ್ಯ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆ ಇರಲಿ, ನಮ್ಮ ಕಡೆ ಇರಲಿ, ಗುಡ್ಡದಲ್ಲಿ ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಯಾವ ಊರಿಂದ ನೋಡುತ್ತಿದ್ದೀರಿ, ಗುಡ್ಡದ ಯಾವ ಮಗ್ಗುಲು, ಗಾಳಿ ಯಾವ ಕಡೆಗೆ, ಈ ಮೂರು ಹೇಳಿ. ವಿಡಿಯೋ ಆಮೇಲೆ ಮಾಡಿಕೊಳ್ಳಿ.