ಬರ್ಮಿಂಗ್‌ಹ್ಯಾಮ್‌ನ ಪಬ್ಬಿನ ಮಹಡಿ ಮೇಲೆ

ಲಂಡನ್ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಲ್ಲವೂ ಫೋಟೋದಲ್ಲಿ ನೋಡಿದ ಹಾಗೇ ಇವೆ. ನಾನು ಹೇಳಬೇಕಿರುವುದು ಬರ್ಮಿಂಗ್‌ಹ್ಯಾಮ್‌ನ ಒಂದು ರಾತ್ರಿಯ ಬಗ್ಗೆ. ಡಿಗ್ಬೆತ್ ಅನ್ನುವ ಹಳೇ ಕಾರ್ಖಾನೆಗಳ ಪ್ರದೇಶ. ರೈಲ್ವೆ ಸೇತುವೆಯ ಇಟ್ಟಿಗೆ ಕಮಾನುಗಳ ಹತ್ತಿರ ಒಂದು ಪಬ್. ಅದರ ಮಹಡಿ ಮೇಲೆ ನೂರು ಜನ ನಿಂತರೆ ತುಂಬಿಹೋಗುವ ಕೋಣೆ. ಅಲ್ಲಿ ಮೂರು ಮೆಟಲ್ (ಗಿಟಾರು, ಡ್ರಮ್ಮಿನ ಭಾರೀ ಸದ್ದಿನ ರಾಕ್ ಸಂಗೀತ) ಬ್ಯಾಂಡ್‌ಗಳು. ಮೂರೂ ಆ ಸುತ್ತಮುತ್ತಲಿನ ಹುಡುಗರವು, ಇನ್ನೂ ಆಲ್ಬಂ ಕೂಡ ಬಂದಿಲ್ಲ.

ನಾನು ಭದ್ರಾವತಿಯವನು. ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳಿ ಎದ್ದು, ಸೈರನ್ ಕೇಳಿ ಸ್ಕೂಲಿಗೆ ಹೊರಟು ಬೆಳೆದವನು. ಕಾಲೇಜಿನಲ್ಲಿ ಮೆಟಲ್ ಹುಚ್ಚು ಹತ್ತಿದಾಗ ಈ ಸಂಗೀತವೂ ಒಂದು ಕಾರ್ಖಾನೆ ಊರಿನಲ್ಲೇ ಹುಟ್ಟಿದ್ದು ಅಂತ ಗೊತ್ತಾಯಿತು. ಆಗಿನಿಂದ ಬರ್ಮಿಂಗ್‌ಹ್ಯಾಮ್ ನೋಡಬೇಕು ಅನ್ನುವ ಆಸೆ ಇತ್ತು.

ಮೆಟಲ್ ಶುರು ಮಾಡಿದ್ದು ಅಂತ ಹೇಳುವ ಬ್ಲ್ಯಾಕ್ ಸಬಾತ್ ಬ್ಯಾಂಡಿನ ನಾಲ್ಕೂ ಜನ ಇಲ್ಲಿನ ಆಸ್ಟನ್ ಪ್ರದೇಶದವರು. ಅವರ ಮೊದಲ ಆಲ್ಬಂ ಬಂದಿದ್ದು 1970ರ ಫೆಬ್ರುವರಿ 13ರಂದು. ಗಿಟಾರ್ ನುಡಿಸುವ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈನ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು, ತಂತಿ ಒತ್ತುವುದೇ ಬಲಗೈಯಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಅದರ ಮೇಲೆ ಚರ್ಮ ಅಂಟಿಸಿಕೊಂಡು ಮತ್ತೆ ನುಡಿಸಿದರು. ಮುಂದೆ ನೋವು ಕಡಿಮೆಯಾಗಲಿ ಅಂತ ತಂತಿಗಳನ್ನೂ ಸಡಿಲ ಮಾಡಿಕೊಂಡರು. ಸ್ವರ ಕೆಳಗಿಳಿಯಿತು, ಸದ್ದು ಭಾರವಾಯಿತು. ಜಗತ್ತಿನ ಅರ್ಧ ಮೆಟಲ್ ಬ್ಯಾಂಡ್‌ಗಳು ಇವತ್ತಿಗೂ ಆ ದಾರಿಯಲ್ಲೇ ಇವೆ.

ಹಗಲು ಬ್ರಾಡ್ ಸ್ಟ್ರೀಟ್‌ನ ಬ್ಲ್ಯಾಕ್ ಸಬಾತ್ ಸೇತುವೆಗೆ ಹೋಗಿದ್ದೆ. ನಾಲ್ವರ ಮುಖ ಇರುವ ಬೆಂಚು ಅಲ್ಲಿದೆ. ಆ ಬ್ಯಾಂಡಿನ ಹಾಡುಗಾರ ಆಜಿ ಆಸ್ಬೋರ್ನ್ 2025ರ ಜುಲೈ 22ರಂದು ತೀರಿಕೊಂಡಿದ್ದರು. ತಿಂಗಳುಗಳು ಕಳೆದಿದ್ದರೂ ಯಾರೋ ಹೂವು ಇಟ್ಟುಹೋಗಿದ್ದರು.

ಸಂಜೆ ಪಬ್ ಬಾಗಿಲಲ್ಲೇ ತಲೆ ಕೆಟ್ಟಿತು. ನಿಂತಿದ್ದ ಕಾವಲಿನವನು ನನ್ನ ಬೆನ್ನಿನ ಬ್ಯಾಗ್ ನೋಡಿ, ಎ4 ಹಾಳೆಗಿಂತ ದೊಡ್ಡದಿದ್ದರೆ ಒಳಗೆ ಬಿಡಲ್ಲ ಅಂದ. ಟಿಕೆಟ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಬ್ಯಾಗ್ ಇಡಲು ಅಲ್ಲಿ ಜಾಗವೂ ಇಲ್ಲ. ಮಳೆಯಲ್ಲಿ ಹೋಟೆಲ್‌ವರೆಗೆ ಹೋಗಿ ಬರುವಷ್ಟರಲ್ಲಿ ಮೊದಲ ಬ್ಯಾಂಡ್ ಮುಗಿದಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಂಥ ಶೋಗೆ ಹೋಗುವವರು ಫೋನು, ಕಾರ್ಡು, ಕಿವಿಗೆ ಹಾಕುವ ಪ್ಲಗ್ ಇಷ್ಟನ್ನೇ ಜೇಬಲ್ಲಿ ಇಟ್ಟುಕೊಳ್ಳಿ. ಪ್ಲಗ್ ಮಾತ್ರ ಮರೆಯಬೇಡಿ.

ಎರಡನೇ ಬ್ಯಾಂಡ್ ಶುರುವಾದಾಗ ನಾನು ಗಿಟಾರಿನವನಿಂದ ಒಂದು ಮೊಳ ದೂರದಲ್ಲಿದ್ದೆ. ಸ್ಟೇಜ್ ಅಂದರೆ ಒಂದು ಅಡಿ ಎತ್ತರದ ಹಲಗೆ, ಅಷ್ಟೇ. ಅವನ ದಪ್ಪ ತಂತಿ ಎಷ್ಟು ಸಡಿಲವಿತ್ತು ಅಂದರೆ, ಮೀಟಿದಾಗ ಅದು ಅಗಲವಾಗಿ ಅದುರಿ ಎರಡು ತಂತಿಯಂತೆ ಕಾಣುತ್ತಿತ್ತು. ಡ್ರಮ್ಮಿನ ಏಟು ನೆಲದ ಹಲಗೆಯಿಂದ ಮೊಣಕಾಲಿಗೆ ಹತ್ತುತ್ತಿತ್ತು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ನಾನೂ ಇದ್ದೆ, ಕುಣಿದಿದ್ದೆ. ಆದರೆ ನೋಡಿದ್ದೆಲ್ಲ ಪರದೆ ಮೇಲೆ. ಮೆಟಲ್ ಕೇಳಬೇಕಾದರೆ ಇಂಥ ಕೋಣೆಯಲ್ಲೇ ಕೇಳಬೇಕು ಅಂತ ಅನಿಸಿಬಿಟ್ಟಿತು.

ನಡುವೆ ಜಾಗ ಮಾಡಿಕೊಂಡು ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಭುಜ ಗುದ್ದಿಕೊಂಡು ಸುತ್ತುತ್ತಿದ್ದರು. ಒಬ್ಬನ ಕನ್ನಡಕ ಹಾರಿಬಿತ್ತು. ಅವನು ಕೈ ಮೇಲೆತ್ತಿದ್ದೇ ತಡ, ಐದಾರು ಜನ ಅವನ ಸುತ್ತ ಕೈಕೈ ಹಿಡಿದು ಬೆನ್ನು ಕೊಟ್ಟು ನಿಂತರು. ಇನ್ನೊಬ್ಬಳು ಫೋನಿನ ಬೆಳಕು ಹಿಡಿದು ನೆಲದಲ್ಲಿ ಹುಡುಕಿದಳು. ಹಾಡು ನಿಲ್ಲಲಿಲ್ಲ. ಕನ್ನಡಕ ಸಿಕ್ಕಿತು, ಅಂಗಿಯಲ್ಲಿ ಒರೆಸಿ ಕೊಟ್ಟಳು, ಮತ್ತೆ ಗುದ್ದಾಟ ಶುರು.

ಬಿಡುವಿನಲ್ಲಿ ಗೋಡೆ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಯಜಮಾನರ ಹತ್ತಿರ ಮಾತಿಗೆ ನಿಂತೆ. ಎಪ್ಪತ್ತು ದಾಟಿರಬೇಕು. ಡೆನಿಮ್ ಜಾಕೆಟ್ ಮೇಲೆ ಬ್ಯಾಂಡ್‌ಗಳ ಬಟ್ಟೆ ತುಂಡುಗಳನ್ನು ಹೊಲಿದುಕೊಂಡಿದ್ದರು. ಲಾಂಗ್‌ಬ್ರಿಜ್ ಕಾರು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪ್‌ನಲ್ಲಿ ದುಡಿದವರು. 2005ರಲ್ಲಿ ಕಂಪನಿ ಮುಳುಗಿ ಕೆಲಸ ಹೋಯಿತಂತೆ.

"ಯಾವ ಊರಪ್ಪ ನಿಂದು?" ಅಂದರು. ಎರಡು ಸಲ ಜೋರಾಗಿ ಹೇಳಿದೆ. "ಕಿವಿ ಪ್ರೆಸ್ ಶಾಪ್‌ನಲ್ಲೇ ಹೋಯ್ತು. ಮಾತು ಸರಿಯಾಗಿ ಕೇಳಲ್ಲ. ಇದು ಮಾತ್ರ ಕೇಳುತ್ತೆ," ಅಂತ ಎದೆ ಮೇಲೆ ಅಂಗೈ ಇಟ್ಟುಕೊಂಡರು.

ಭದ್ರಾವತಿ ಬಗ್ಗೆ ಹೇಳಿದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಕಾರ್ಖಾನೆ, 1923ರಿಂದ ಕಬ್ಬಿಣ ತೆಗೆದದ್ದು, ನಮ್ಮಪ್ಪ ರೋಲಿಂಗ್ ಮಿಲ್‌ನಲ್ಲಿ ಇದ್ದದ್ದು.

"ಇನ್ನೂ ನಡೀತಿದೆಯಾ?"

ನೂರು ವರ್ಷ ತುಂಬಿದ ವರ್ಷವೇ ಮುಚ್ಚುತ್ತೇವೆ ಅಂದಿದ್ದರು, ಕಾರ್ಮಿಕರು ಧರಣಿ ಕೂತರು ಅಂದೆ. ಅವರು ತುಂಬಾ ಹೊತ್ತು ತಲೆ ಆಡಿಸಿದರು. ರಾತ್ರಿ ಪಾಳಿಗೆ ಊಟ ಕೊಡುತ್ತಿದ್ದರಾ, ಕೈಗೆ ಗ್ಲೌಸ್ ಕೊಡುತ್ತಿದ್ದರಾ, ಎಲ್ಲ ಕೇಳಿದರು. ನನ್ನ ಪ್ರವಾಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಬರೀ ಅಪ್ಪನ ಕೆಲಸದ ಬಗ್ಗೆ.

"ನಿಮ್ಮಪ್ಪ ಯಾವ ಸಂಗೀತ ಕೇಳ್ತಾರೆ?"

"ರಾಜ್‌ಕುಮಾರ್ ಹಾಡು. ಟಿವಿ ಜೋರಾಗಿ ಇಟ್ಟುಕೊಂಡು. ಅಮ್ಮ ದಿನಾ ಬೈತಾರೆ."

"ಬೈಬೇಡಿ ಅಂತ ಹೇಳು," ಅಂದರು. "ಅವರ ಕಿವಿಯೂ ಹೋಗಿದೆ. ತೋರಿಸಿದ್ದೀರಾ?"

ತೋರಿಸಿರಲಿಲ್ಲ. ಅಪ್ಪ ನಿವೃತ್ತರಾದ ಮೇಲೆ ಯಾಕೋ ಮಾತು ಕಡಿಮೆ ಮಾಡಿದ್ದಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಊರಿಗೆ ಬಂದ ಮೇಲೆ ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿದೆವು. ಆ ಯಜಮಾನರು ಹೇಳಿದ್ದು ಸರಿಯಾಗಿತ್ತು. ಈಗ ಮೆಷಿನ್ ಹಾಕಿಕೊಳ್ಳುತ್ತಾರೆ.

ಕೊನೆಯ ಬ್ಯಾಂಡ್ ಬಂದಾಗ ಯಜಮಾನರು ಎದ್ದು ನೇರ ಮುಂದಕ್ಕೆ ಹೋದರು. ಜನ ದಾರಿ ಬಿಟ್ಟರು. ಸ್ಪೀಕರ್ ಪೆಟ್ಟಿಗೆ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ, ತಲೆ ಕೊಡವುತ್ತಾ ನಿಂತರು. ಆ ಬ್ಯಾಂಡ್ ನಿಧಾನಗತಿಯದು, ಒಂದೊಂದು ಏಟೂ ಬಿದ್ದ ಮೇಲೆ ಅದುರುತ್ತಾ ನಿಲ್ಲುವಂಥದ್ದು. ನನಗೆ ವೇಗದ ಮೆಟಲ್‌ಗಿಂತ ಇದೇ ಜಾಸ್ತಿ ಇಷ್ಟ. ಹಾಡುಗಾರ ಮೈಕ್ ಅನ್ನು ಜನರ ಕಡೆ ಚಾಚಿದ. ಸಾಲು ಗೊತ್ತಿಲ್ಲದ ನಾನೂ ಗಂಟಲು ಹರಿಯುವಷ್ಟು ಕೂಗಿದೆ.

ಹನ್ನೊಂದಕ್ಕೆಲ್ಲ ಮುಗಿಯಿತು. ಟೀ ಶರ್ಟ್ ಕೊಳ್ಳಲು ನಿಂತಿದ್ದಾಗ ಅದೇ ಹಾಡುಗಾರ ಡ್ರಮ್ ಹೊತ್ತುಕೊಂಡು ಬಂದು "ಆ ಕಡೆ ಸ್ವಲ್ಪ ಹಿಡೀತೀರಾ?" ಅಂದ. ಕಡಿದಾದ ಮೆಟ್ಟಿಲು. ನಾನು, ಕನ್ನಡಕದ ಹುಡುಗ, ಇನ್ನಿಬ್ಬರು ಸೇರಿ ಎಲ್ಲ ಸಾಮಾನನ್ನೂ ವ್ಯಾನಿಗೆ ಇಳಿಸಿದೆವು. ಮರುದಿನ ಪಕ್ಕದ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಅವರದೇ ಶೋ, ಬನ್ನಿ ಅಂದರು. ಲಿವರ್‌ಪೂಲ್ ಟಿಕೆಟ್ ಬಿಟ್ಟುಕೊಟ್ಟು ಹೋದೆ. ಮೂರೂ ಬ್ಯಾಂಡ್ ಪೂರ್ತಿ ಕೇಳಿದೆ.