ಜಿಮ್ಮರ್ ಫ್ರೆಡೆಟ್ ಎಲ್ಲಿ ಎಡವಿದ್ದು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜಿಮ್ಮರ್ ಫ್ರೆಡೆಟ್‌ನ ಹಳೇ ಕಾಲೇಜ್ ವಿಡಿಯೋ ನೋಡ್ತಾ ಕೂತಿದ್ದೆ. 2011ರಲ್ಲಿ ಬ್ರಿಗಮ್ ಯಂಗ್ ಯೂನಿವರ್ಸಿಟಿಗೆ ಆಡ್ತಾ ಮ್ಯಾಚಿಗೆ ಸರಾಸರಿ 28.9 ಪಾಯಿಂಟು, ಇಡೀ ಅಮೆರಿಕದ ಕಾಲೇಜ್ ಆಟಗಾರರಲ್ಲೇ ಟಾಪು, ಮಧ್ಯದ ಗೆರೆ ದಾಟಿ ನಾಲ್ಕು ಹೆಜ್ಜೆ ಬಂದ್ರೆ ಸಾಕು ಎಸ್ದೇ ಬಿಡೋನು, ಬೀಳ್ತಾನೂ ಇತ್ತು ಮಾರಾಯ್ರೆ! ಎನ್‌ಬಿಎ (ಅಮೆರಿಕದ ದೊಡ್ಡ ಪ್ರೊಫೆಷನಲ್ ಲೀಗ್) ಟೀಮುಗಳು ಹೊಸ ಆಟಗಾರರನ್ನ ಸರದಿ ಪ್ರಕಾರ ಆರಿಸೋ ಡ್ರಾಫ್ಟಲ್ಲಿ 10ನೇಯವ್ನಾಗಿ ಹೋದ. 11ನೇಯವ್ನು ಕ್ಲೇ ಥಾಂಪ್ಸನ್, 15ನೇಯವ್ನು ಕವಾಯ್ ಲೆನರ್ಡ್. ಅವ್ರಿಬ್ರೂ ಎನ್‌ಬಿಎ ಸ್ಟಾರ್‌ಗಳಾದ್ರು, ಇವ್ನು ಅಲ್ಲಿ ನೆಲೆಯೂರ್ಲೇ ಇಲ್ಲ. ಅವ್ರೆಲ್ಲಿ, ಇವ್ನೆಲ್ಲಿ.

ಶೂಟಿಂಗ್ ಮರ್ತ ಅಂತ ನಂಗನ್ಸಲ್ಲ. ಕಾಲೇಜಲ್ಲಿ ಬಾಲ್ ಯಾವಾಗ್ಲೂ ಇವ್ನ ಕೈಲೇ ಇರೋದು, ಎನ್‌ಬಿಎನಲ್ಲಿ ಬೆಂಚಿಂದ ಎದ್ದು ಬಂದು ಸ್ವಲ್ಪ ಹೊತ್ತು ಆಡು, ಮೂಲೇಲಿ ನಿಂತು ಪಾಸಿಗೆ ಕಾಯಿ ಅಂದ್ರೆ ಲಯ ಎಲ್ಲಿಂದ ಬರ್ಬೇಕು ಹೇಳಿ. ಅದ್ರ ಮೇಲೆ ಇವ್ನ ಡಿಫೆನ್ಸು ವೀಕು. ಕಾಲೇಜಲ್ಲಿ ಜೋನ್ (ಒಬ್ಬೊಬ್ರು ಒಬ್ಬ ಎದುರಾಳಿನ ಅಲ್ಲ, ಒಂದೊಂದು ಜಾಗ ಕಾಯೋದು) ಆಡಿ ಹೆಂಗೋ ಮುಚ್ಚಿಟ್ಕೊಂಡಿದ್ರು, ಇಲ್ಲಿ ಎದುರು ಟೀಮು ಬೇಕಂತ್ಲೇ ಸ್ಕ್ರೀನ್ ಹಾಕಿ (ಅಂದ್ರೆ ಕಾಯೋನ ದಾರಿಗೆ ಅಡ್ಡ ನಿಂತು) ಇವ್ನು ಯಾರನ್ನ ಕಾಯ್ತಿದಾನೋ ಅವ್ನ ಕೈಗೇ ಬಾಲ್ ಕೊಡುತ್ತೆ, ಕಾಲು ಅಷ್ಟು ಬೇಗ ಓಡಲ್ಲ, ಕೋಚ್ ವಾಪಸ್ ಕೂರಿಸ್ತಾನೆ.

ಅದೇ ಮನುಷ್ಯ ಚೀನಾದ ಶಾಂಘೈ ಟೀಮಿಗೆ ಹೋಗಿ 2017ರಲ್ಲಿ ಒಂದೇ ಮ್ಯಾಚಲ್ಲಿ 73 ಹೊಡ್ದ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಅಮೆರಿಕದ ಮೂವರ ಬ್ಯಾಸ್ಕೆಟ್‌ಬಾಲ್ ಟೀಮಲ್ಲೂ ಇದ್ದ. ‘ಫ್ಲಾಪ್’ ಅಂತ ಒಂದು ಲಿಸ್ಟಲ್ಲಿ ಸೇರಿಸಿ ಕೈತೊಳ್ಕೊಳೋರಿಗೆ ಇದ್ಯಾವ್ದೂ ಲೆಕ್ಕಕ್ಕೇ ಇಲ್ಲ ಬಿಡಿ.